ರೀಫಂಡ್ ಬಂತು, ಪರಿಹಾರ ಎಲ್ಲಿ?

2025ರ ಮಾರ್ಚ್ ತಿಂಗಳ ಒಂದು ಬುಧವಾರ. ಮಧ್ಯಾಹ್ನ 3 ಗಂಟೆ 52 ನಿಮಿಷಕ್ಕೆ ನನ್ನ ಫೋನಿಗೆ ಒಂದು ಎಸ್ಸೆಮ್ಮೆಸ್ ಬಂತು. ನಾನಾಗ ಮೀಟಿಂಗ್‌ನಲ್ಲಿದ್ದೆ, ಫೋನು ಮಗುಚಿ ಇಟ್ಟಿದ್ದೆ. ನೋಡಿದ್ದು 4.20ಕ್ಕೆ. ‘ಕಾರ್ಯಾಚರಣೆಯ ಕಾರಣಗಳಿಂದ ನಿಮ್ಮ ವಿಮಾನ ರದ್ದಾಗಿದೆ, ತೊಂದರೆಗೆ ವಿಷಾದಿಸುತ್ತೇವೆ’ ಅನ್ನೋ ಅರ್ಥದ ಎರಡು ಇಂಗ್ಲಿಷ್ ಸಾಲು, ಕೆಳಗೊಂದು ಲಿಂಕ್. ವಿಮಾನ ಹೊರಡಬೇಕಿದ್ದದ್ದು ಸಂಜೆ 5.40ಕ್ಕೆ, ವಾರಾಣಸಿಯಿಂದ ಬೆಂಗಳೂರಿಗೆ. ಅದರಲ್ಲಿ ಬರಬೇಕಿದ್ದದ್ದು ನಾನಲ್ಲ. ಅಪ್ಪ, ಅಮ್ಮ.

ಕಾಶಿಗೆ ಹೋಗಬೇಕು ಅನ್ನೋದು ಅಮ್ಮನ ಎಷ್ಟೋ ವರ್ಷದ ಆಸೆ. ಫೆಬ್ರವರಿ 26ಕ್ಕೆ ಪ್ರಯಾಗದ ಕುಂಭಮೇಳ ಮುಗಿದು, ಜನಜಂಗುಳಿ ಕರಗಿ, ಹೋಳಿಯೂ ಕಳೀಲಿ ಅಂತ ಕಾದು ಹೋಗಿದ್ದರು. ಸಂಘಮಿತ್ರ ಎಕ್ಸ್‌ಪ್ರೆಸ್‌ನಲ್ಲಿ ಹೋಗ್ತೀವಿ ಅಂದಿದ್ದವರನ್ನು, ‘ಎರಡು ರಾತ್ರಿ ರೈಲಲ್ಲಿ ಯಾಕೆ ಒದ್ದಾಡ್ತೀರಿ, ಎರಡೂವರೆ ಗಂಟೇಲಿ ಮುಟ್ತೀರಿ’ ಅಂತ ಹೇಳಿ ವಿಮಾನ ಹತ್ತಿಸಿದ್ದು ನಾನೇ. ಟಿಕೆಟ್ ಬುಕ್ ಮಾಡಿದ್ದೂ ನಾನೇ. ಅದಕ್ಕೇ ಎಸ್ಸೆಮ್ಮೆಸ್ ಬಂದದ್ದೂ ನನಗೇ.

ಅಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ದಾವಣಗೆರೆ ಬಸ್‌ಸ್ಟ್ಯಾಂಡಿಗೂ ಒಂದು ಗಂಟೆ ಮೊದಲೇ ಹೋಗಿ ಕೂರೋ ಮನುಷ್ಯ. ಅವತ್ತು ಜಂಗಮವಾಡಿ ಮಠದಿಂದ ಮಧ್ಯಾಹ್ನವೇ ಹೊರಟು, ಊರಿಂದ ಸುಮಾರು 25 ಕಿಲೋಮೀಟರ್ ದೂರದ ಬಾಬತ್‌ಪುರ ವಿಮಾನ ನಿಲ್ದಾಣ ಸೇರಿ, ಬ್ಯಾಗ್ ಕೊಟ್ಟು, ಬೋರ್ಡಿಂಗ್ ಪಾಸ್ ಹಿಡಿದು ಕೂತಾಗಿತ್ತು. ನಾನು ಫೋನ್ ಮಾಡೋ ಮೊದಲೇ ಅವರ ಫೋನ್ ಬಂತು. ‘ಅಲ್ಲಪ್ಪ, ನಮ್ಮ ವಿಮಾನ ಬರಾದಿಲ್ಲಂತೆ. ಬೋರ್ಡಲ್ಲಿ ಕೆಂಪಗೆ ಬರೆದಿದಾರೆ.’

ಆಮೇಲಿನ ಮೂರು ಗಂಟೆ ಹೇಗಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ, ಇಂಥದ್ದು ಒಂದ್ಸಲವಾದರೂ ಆದವರಿಗೆ ಗೊತ್ತಿರುತ್ತೆ. ಕೌಂಟರ್ ಮುಂದೆ ನೂರು ಜನ, ಒಳಗೆ ಇಬ್ಬರು ಹುಡುಗರು. ಅಪ್ಪನಿಗೆ ಹಿಂದಿ ಬರಲ್ಲ. ಇಂಗ್ಲಿಷ್ ಓದಿದಷ್ಟು ಸಲೀಸಾಗಿ ಮಾತಾಡೋಕೂ ಬರಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಚೆಕ್-ಇನ್ ಮಾಡಿದ ಬ್ಯಾಗಿನೊಳಗೆ. ಅಮ್ಮನ ಗಂಗಾಜಲದ ತಾಲಿಯೂ ಅದರಲ್ಲೇ. ಬ್ಯಾಗು ಕೈಗೆ ಸಿಗೋ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಊಟ, ತಿಂಡಿ ಬಿಡಿ, ನೀರು ಬೇಕಾ ಅಂತಲೂ ಯಾರೂ ಕೇಳಲಿಲ್ಲ.

ಇತ್ತ ನಾನು ಎಸ್ಸೆಮ್ಮೆಸ್‌ನ ಲಿಂಕ್ ಒತ್ತಿದೆ. ಎರಡು ಬಟನ್. ಒಂದು, ಬದಲಿ ವಿಮಾನ. ಅದು ಮೂರನೇ ದಿನದ್ದು, ದೆಹಲಿಯಲ್ಲಿ ಇಳಿದು ಹತ್ತಬೇಕು. ಇನ್ನೊಂದು, ಪೂರ್ತಿ ರೀಫಂಡ್. ಎರಡನೇದನ್ನು ಒತ್ತಿದೆ. ಮರುದಿನ ಬೇರೆ ಕಂಪನಿಯ ವಿಮಾನದಲ್ಲಿ ತಲಾ 13,940 ರೂಪಾಯಿ ಕೊಟ್ಟು ಟಿಕೆಟ್ ಮಾಡಿದೆ. ಮೊದಲಿನ ಟಿಕೆಟ್ ತಲಾ 7,412 ಇತ್ತು. ನಿಲ್ದಾಣದ ಹತ್ತಿರವೇ 2,400 ರೂಪಾಯಿಯ ಒಂದು ಹೋಟೆಲ್, ಟ್ಯಾಕ್ಸಿಗೆ 1,900. ಅಪ್ಪ ಅಮ್ಮ ಮರುದಿನ ಸುಖವಾಗಿ ಬಂದರು. ರೀಫಂಡೂ ವಾರದೊಳಗೆ ಕಾರ್ಡಿಗೆ ಜಮಾ ಆಯ್ತು, ಬುಕಿಂಗ್ ವೆಬ್‌ಸೈಟಿನ ‘ಕನ್ವೀನಿಯನ್ಸ್ ಫೀ’ ಒಂದು ಬಿಟ್ಟು. (ಯಾರ ಕನ್ವೀನಿಯನ್ಸ್ ಅಂತ ಇವತ್ತಿಗೂ ಅರ್ಥವಾಗಿಲ್ಲ.)

ಲೆಕ್ಕ ಚುಕ್ತಾ ಅಂದುಕೊಂಡಿದ್ದೆ. ಚುಕ್ತಾ ಆಗಿರಲಿಲ್ಲ ಅಂತ ಗೊತ್ತಾದದ್ದು ಹತ್ತು ದಿನದ ಮೇಲೆ, ಆಫೀಸಿನಲ್ಲಿ ಊಟಕ್ಕೆ ಕೂತಾಗ. ಸಹೋದ್ಯೋಗಿಯೊಬ್ಬಳು ಕೇಳಿದಳು, ‘ರೀಫಂಡ್ ಸರಿ, ಕಾಂಪನ್ಸೇಶನ್ ಕ್ಲೇಮ್ ಮಾಡಿದ್ಯಾ?’

ಎರಡು ಬೇರೆ ಬೇರೆ ದುಡ್ಡು

ನಮ್ಮಲ್ಲಿ ಮುಕ್ಕಾಲು ಪಾಲು ಜನ ಎಡವೋದು ಇಲ್ಲೇ. ರೀಫಂಡ್ ಅಂದರೆ ನಮ್ಮದೇ ದುಡ್ಡು ನಮಗೆ ವಾಪಸ್ ಬರೋದು. ಪರಿಹಾರ ಅಂದರೆ ಮಾತು ತಪ್ಪಿದ್ದಕ್ಕೆ ಅವರು ತಮ್ಮ ಜೇಬಿನಿಂದ ಕೊಡೋದು. ಮೊದಲನೇದು ಸಿಕ್ಕಿತು ಅಂತ ಎರಡನೇದು ಮುಗಿದು ಹೋಗಲ್ಲ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2010ರ ಆಗಸ್ಟ್‌ನಲ್ಲಿ ಹೊರಡಿಸಿದ ಒಂದು ನಿಯಮಾವಳಿ ಇದೆ. ಸೆಕ್ಷನ್ 3, ಸೀರೀಸ್ ಎಂ, ಪಾರ್ಟ್ 4. ಆಮೇಲೆ ಹಲವು ಸಲ ತಿದ್ದಿದ್ದಾರೆ. ಡಿಜಿಸಿಎ ವೆಬ್‌ಸೈಟಿನಲ್ಲಿ ಸಿಗುತ್ತೆ, ಕೆಲವೇ ಪುಟ, ಕಾನೂನು ಓದದವರಿಗೂ ಅರ್ಥವಾಗೋ ಇಂಗ್ಲಿಷ್. ಹತ್ತಿಸಿಕೊಳ್ಳದೆ ಇದ್ದರೆ, ರದ್ದಾದರೆ, ತಡವಾದರೆ ಏನು ಕೊಡಬೇಕು ಅನ್ನೋದೆಲ್ಲ ಅದರಲ್ಲಿದೆ.

ರದ್ದಿನ ವಿಷಯದ ಸಾರ ಹೀಗೆ. ಎರಡು ವಾರ ಮೊದಲೇ ತಿಳಿಸಿದರೆ ಬದಲಿ ವಿಮಾನ ಅಥವಾ ರೀಫಂಡ್, ಅಷ್ಟೇ. ಎರಡು ವಾರದೊಳಗೆ, ಆದರೆ ಹೊರಡೋ 24 ಗಂಟೆಗೆ ಮೊದಲು ತಿಳಿಸಿದರೆ, ಮೂಲ ಸಮಯದಿಂದ ಎರಡು ಗಂಟೆಯೊಳಗೆ ಹೊರಡೋ ಬದಲಿ ವಿಮಾನ ಕೊಡಬೇಕು, ಇಲ್ಲವೇ ರೀಫಂಡ್. ಇಷ್ಟೂ ಮಾಡದೆ ಕೊನೇ ಗಳಿಗೆಯಲ್ಲಿ ಕೈಕೊಟ್ಟರೆ ಒಂದೋ ನಮಗೆ ಒಪ್ಪಿಗೆಯಾಗೋ ಬದಲಿ ವಿಮಾನ, ಇಲ್ಲವೇ ಪೂರ್ತಿ ರೀಫಂಡ್ ಮತ್ತು ಅದರ ಮೇಲೆ ಪರಿಹಾರ. ನಾನು ರೀಫಂಡ್ ಬಟನ್ ಒತ್ತಿದ್ದು ಒಳ್ಳೇದೇ ಆಗಿತ್ತು. ಆದರೆ ಆ ಪುಟದಲ್ಲಿ ಪರಿಹಾರ ಅನ್ನೋ ಪದವೇ ಇರಲಿಲ್ಲ. ತಾನಾಗೇ ಬರೋ ದುಡ್ಡಲ್ಲ ಅದು, ಕೇಳಬೇಕು.

ಎಷ್ಟು? ಹಾರಾಟದ ‘ಬ್ಲಾಕ್ ಟೈಮ್’ ಮೇಲೆ ಹೋಗುತ್ತೆ. ಅಂದರೆ ವಿಮಾನ ನಿಂತ ಜಾಗದಿಂದ ಕದಲಿ, ಇನ್ನೊಂದು ಕಡೆ ಹೋಗಿ ನಿಲ್ಲೋವರೆಗಿನ ಸಮಯ. ಒಂದು ಗಂಟೆವರೆಗಿನ ಹಾರಾಟಕ್ಕೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಗೆ 7,500, ಎರಡು ಗಂಟೆ ದಾಟಿದರೆ 10,000. ವಾರಾಣಸಿ–ಬೆಂಗಳೂರು ಎರಡು ಗಂಟೆ ಮೀರುತ್ತೆ. ತಲಾ ಹತ್ತು ಸಾವಿರ, ಇಬ್ಬರಿಗೆ ಇಪ್ಪತ್ತು ಅಂತ ಖುಷಿಪಟ್ಟೆ. ಖುಷಿ ಮುಂದಿನ ಸಾಲಿನವರೆಗೆ ಮಾತ್ರ ಇತ್ತು.

ಮುಂದಿನ ಸಾಲು ಹೇಳೋದು: ಈ ಮೊತ್ತ, ಅಥವಾ ಟಿಕೆಟ್ಟಿನ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿಸಿದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಕೋಡ್ ಬರೆಯೋರಿಗೆ ಒಂದೇ ಮಾತಲ್ಲಿ ಹೇಳಬಹುದು, ಅದು ಮ್ಯಾಕ್ಸ್ ಅಲ್ಲ, ಮಿನ್. ಪತ್ರಿಕೆಗಳ ತಲೆಬರಹದಲ್ಲಿ ‘ಹತ್ತು ಸಾವಿರ ಪರಿಹಾರ’ ಅಂತ ಬರುತ್ತೆ, ಈ ಮಿನ್ ಮಾತ್ರ ಎಲ್ಲೋ ಕಳೆದುಹೋಗಿರುತ್ತೆ. ನಮ್ಮ ಟಿಕೆಟ್ಟಿನ ಬೆಲೆಯನ್ನು ಬಿಡಿಸಿ ನೋಡಿದೆ. ಬಳಕೆದಾರರ ಅಭಿವೃದ್ಧಿ ಶುಲ್ಕ, ಭದ್ರತಾ ಶುಲ್ಕ, ಜಿಎಸ್‌ಟಿ ಎಲ್ಲ ಕಳೆದು ಮೂಲ ದರ ಮತ್ತು ಇಂಧನ ಶುಲ್ಕ 6,180. ಇಬ್ಬರಿಗೆ 12,360. ನ್ಯಾಯವಾಗಿ ನಮಗೆ ಬರಬೇಕಿದ್ದದ್ದು ಇಷ್ಟು. ಅಗ್ಗದ ಟಿಕೆಟ್ ಕೊಂಡವನ ಸಂಕಟವೂ ಅಗ್ಗವೇ ಅನ್ನೋ ಲೆಕ್ಕ ಇದು. ನನಗಂತೂ ಇದು ಸರಿ ಕಾಣಲ್ಲ. ಹೋಟೆಲ್ಲಿನವನು ಟಿಕೆಟ್ ಬೆಲೆ ನೋಡಿ ಬಾಡಿಗೆ ಹೇಳಲ್ವಲ್ಲ.

ಯೂರೋಪಿನಲ್ಲಿ ಲೆಕ್ಕ ಬೇರೆ. ಅಲ್ಲಿಯ 261/2004 ಅನ್ನೋ ನಿಯಮದಲ್ಲಿ ಪರಿಹಾರ ನಿರ್ಧಾರವಾಗೋದು ದೂರದ ಮೇಲೆ: 250, 400 ಅಥವಾ 600 ಯೂರೋ. ಟಿಕೆಟ್ ಎಷ್ಟಕ್ಕೆ ಕೊಂಡಿರಿ ಅಂತ ಕೇಳೋದೇ ಇಲ್ಲ. ತಾಂತ್ರಿಕ ದೋಷ ಅನ್ನೋ ನೆಪವನ್ನು ಕೂಡ ಯೂರೋಪಿಯನ್ ನ್ಯಾಯಾಲಯ 2008ರಲ್ಲೇ ಸಾಮಾನ್ಯವಾಗಿ ಒಪ್ಪೋ ಹಾಗಿಲ್ಲ ಅಂದಿದೆ. ಆನ್‌ಸೈಟ್ ಅಂತ ಓಡಾಡೋ ನಮ್ಮವರು ಇದನ್ನು ನೆನಪಿಡಬೇಕು. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಹೊರಟಿದ್ದರೆ ವಿಮಾನ ಯಾವ ದೇಶದ ಕಂಪನಿಯದ್ದಾದರೂ ಈ ನಿಯಮ ಅನ್ವಯ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹೊರಟಿದ್ದರೆ, ವಿಮಾನ ಯೂರೋಪಿನ ಕಂಪನಿಯದ್ದಾಗಿದ್ದರೆ ಮಾತ್ರ. ಕಾಶಿಯಿಂದ ಬರೋರಿಗೆ ಇದ್ಯಾವುದೂ ಇಲ್ಲ ಬಿಡಿ, ನಮ್ಮ ಮಿನ್‌ಗೇ ವಾಪಸ್ ಬರೋಣ.

‘ಹವಾಮಾನ’ ಅನ್ನೋ ಮಂತ್ರ

ಏಪ್ರಿಲ್ ಮೊದಲ ವಾರ ಕಂಪನಿಗೆ ಇಮೇಲ್ ಬರೆದೆ. ಪಿಎನ್ಆರ್, ದಿನಾಂಕ, ನಿಯಮದ ಸಂಖ್ಯೆ, ಕೇಳುತ್ತಿರೋ ಮೊತ್ತ, ಅಷ್ಟೇ. ಉದ್ದ ಬರೆದರೆ ಓದಲ್ಲ. ಮೂರು ದಿನಕ್ಕೆ ಉತ್ತರ ಬಂತು. ‘ಪ್ರತಿಕೂಲ ಹವಾಮಾನದಿಂದ ವಿಮಾನ ರದ್ದಾಗಿತ್ತು, ಇದು ನಮ್ಮ ನಿಯಂತ್ರಣ ಮೀರಿದ್ದರಿಂದ ಪರಿಹಾರ ಅನ್ವಯಿಸುವುದಿಲ್ಲ. ಸೌಹಾರ್ದದ ಸೂಚಕವಾಗಿ ತಲಾ 2,000 ರೂಪಾಯಿಯ ವೋಚರ್ ಕೊಡುತ್ತೇವೆ.’

ನಿಯಮದಲ್ಲಿ ಈ ವಿನಾಯಿತಿ ನಿಜಕ್ಕೂ ಇದೆ. ಪ್ರಕೃತಿ ವಿಕೋಪ, ಗಲಭೆ, ಪ್ರವಾಹ, ಮುಷ್ಕರ, ಸರ್ಕಾರದ ಆದೇಶ, ಭದ್ರತೆಯ ಅಪಾಯ, ಏರ್ ಟ್ರಾಫಿಕ್ ಕಂಟ್ರೋಲ್ ಮತ್ತು ಹವಾಮಾನದಂಥ ಅಸಾಧಾರಣ ಸಂದರ್ಭಗಳಲ್ಲಿ ಕಂಪನಿ ಪರಿಹಾರ ಕೊಡಬೇಕಿಲ್ಲ. ಅದು ನ್ಯಾಯವೂ ಹೌದು. ಮಂಜಿನಲ್ಲಿ ವಿಮಾನ ಇಳಿಸು ಅಂತ ಪೈಲಟ್ ಮೇಲೆ ಒತ್ತಡ ಬೀಳೋದು ಯಾರಿಗೂ ಬೇಡ. ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪು ಕೊಟ್ಟ ಒಂದು ಪ್ರಕರಣ ಓದಿದೆ. 2007ರ ಡಿಸೆಂಬರ್‌ನಲ್ಲಿ ದೆಹಲಿಯಿಂದ ಹೈದರಾಬಾದಿಗೆ ಹೊರಟ ಪ್ರಯಾಣಿಕರು ದಟ್ಟ ಮಂಜಿನಿಂದಾಗಿ ವಿಮಾನದೊಳಗೇ ಗಂಟೆಗಟ್ಟಲೆ ಕೂರಬೇಕಾಗಿತ್ತು. ಅವರಲ್ಲೊಬ್ಬರಿಗೆ ಹೈದರಾಬಾದಿನ ಖಾಯಂ ಲೋಕ ಅದಾಲತ್ ಹತ್ತು ಸಾವಿರ ಪರಿಹಾರ ಕೊಡಿಸಿತ್ತು, ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮಂಜಿನ ವಿಳಂಬಕ್ಕೆ ಕಂಪನಿ ಹೊಣೆಯಲ್ಲ ಅಂತ. ಆದರೆ ಅದೇ ತೀರ್ಪು, ತಡ ಯಾವ ಕಾರಣಕ್ಕೇ ಆಗಿರಲಿ, ಕಾಯೋ ಪ್ರಯಾಣಿಕರ ಊಟ, ನೀರು, ಶೌಚದಂಥ ಕನಿಷ್ಠ ಅನುಕೂಲ ನೋಡೋದು ಕಂಪನಿಯ ಕರ್ತವ್ಯ ಅಂತಲೂ ಹೇಳಿದೆ. ಓದುವಾಗ ನನಗೆ ಬಾಬತ್‌ಪುರದ ಆ ಎರಡು ಗಂಟೆ ನೆನಪಾಯ್ತು.

ಸರಿ, ಹವಾಮಾನ. ಆದರೆ ಮಾರ್ಚ್ ಮೂರನೇ ವಾರದ ಸಂಜೆ ಕಾಶಿಯಲ್ಲಿ ಯಾವ ಮಂಜು? ಅಪ್ಪನಿಗೆ ಕೇಳಿದೆ. ‘ಬಿಸಿಲು ಕಣ್ಣಿಗೆ ಹೊಡೀತಿತ್ತು’ ಅಂದರು. ಅಪ್ಪನ ಕಣ್ಣು ಸಾಕ್ಷಿಯಾದೀತು, ಆದರೆ ಕಂಪನಿಗೆ ಅಂಕಿ ಬೇಕು. ಅಂಕಿ ಸಿಗುತ್ತೆ. ಪ್ರತಿ ವಿಮಾನ ನಿಲ್ದಾಣದ ಹವಾಮಾನ ವರದಿ ‘ಮೆಟಾರ್’ ಅನ್ನೋ ರೂಪದಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಗೋ ಒಂದು ಗಂಟೆಗೋ ಹೊರಬರುತ್ತೆ. ಗಾಳಿ, ಗೋಚರತೆ, ಮೋಡ, ಉಷ್ಣಾಂಶ ಎಲ್ಲವೂ ಒಂದೇ ಸಾಲಿನ ಸಂಕೇತಗಳಲ್ಲಿ. ಪೈಲಟ್‌ಗಳು ಓದೋದು ಅದನ್ನೇ, ಸಾರ್ವಜನಿಕರಿಗೂ ಮುಕ್ತ. ಹಳೇ ವರದಿಗಳನ್ನು ಇಟ್ಟಿರೋ ತಾಣಗಳೂ ಇವೆ. ಅವತ್ತು ಸಂಜೆ ನಾಲ್ಕರಿಂದ ಏಳರವರೆಗೆ ವಾರಾಣಸಿಯಲ್ಲಿ ಗೋಚರತೆ 3,500 ಮೀಟರ್, ಸ್ವಲ್ಪ ಮಬ್ಬು, ಗಾಳಿ ಸಾಧಾರಣ. ಮಳೆ ಇಲ್ಲ, ಗುಡುಗಿಲ್ಲ. ಬೆಂಗಳೂರಲ್ಲಂತೂ ಆಕಾಶ ತೊಳೆದಿಟ್ಟ ಹಾಗಿತ್ತು.

ಇನ್ನೊಂದು, ಅವತ್ತೇ ಸಂಜೆ ನಾನು ಕೋಪಕ್ಕೆ ವಿಮಾನಗಳ ಜಾಡು ತೋರಿಸೋ ಆ್ಯಪ್ ತೆಗೆದು ಸ್ಕ್ರೀನ್‌ಶಾಟ್ ಹೊಡೆದಿಟ್ಟಿದ್ದೆ. ನಮ್ಮ ವಿಮಾನ ರದ್ದಾದ ಆಚೀಚೆ ಒಂದೂವರೆ ಗಂಟೆಯಲ್ಲಿ ಬೇರೆ ಕಂಪನಿಗಳ ಮೂರು ವಿಮಾನ ಅದೇ ರನ್‌ವೇಯಲ್ಲಿ ಇಳಿದು ಹೊರಟಿದ್ದವು. ಉಚಿತ ಖಾತೆಯಲ್ಲಿ ಕೆಲವೇ ದಿನದ ಇತಿಹಾಸ ಸಿಗೋದು, ಹಾಗಾಗಿ ಇಂಥ ಸ್ಕ್ರೀನ್‌ಶಾಟನ್ನು ಅವತ್ತೇ ತೆಗೀಬೇಕು. ನಾನು ತೆಗೆದದ್ದು ಜಾಣತನದಿಂದಲ್ಲ, ಸಿಟ್ಟಿನಿಂದ.

ಇಷ್ಟೆಲ್ಲಕ್ಕಿಂತ ದೊಡ್ಡ ಸಾಕ್ಷಿ ನನ್ನ ಇನ್‌ಬಾಕ್ಸಿನಲ್ಲೇ ಇತ್ತು. ರದ್ದು ಮಾಡಿದ ದಿನ ಅವರೇ ಕಳಿಸಿದ ಎಸ್ಸೆಮ್ಮೆಸ್‌ನಲ್ಲಿ ‘ಕಾರ್ಯಾಚರಣೆಯ ಕಾರಣ’ ಅಂತಿತ್ತು. ದುಡ್ಡು ಕೇಳಿದ ಮೇಲೆ ಅದು ‘ಹವಾಮಾನ’ ಆಯ್ತು. ಮೊದಲು ಒಂದು ಹೇಳಿ ಆಮೇಲೆ ಇನ್ನೊಂದು ಹೇಳೋ ಹುಡುಗರನ್ನು ಅಪ್ಪ ಮೂವತ್ತು ವರ್ಷ ಹೇಗೆ ಹಿಡೀತಿದ್ದರೋ ಹಾಗೇ ಹಿಡಿಯಬಹುದಿತ್ತು.

ಒಂದು ಸಣ್ಣ ವಿಷಯ ಇಲ್ಲೇ ಹೇಳಿಬಿಡ್ತೀನಿ. ಸರಿಯಾದ ಸಂಪರ್ಕ ವಿವರ ಕೊಡದ ಪ್ರಯಾಣಿಕನಿಗೆ ಪರಿಹಾರ ಇಲ್ಲ ಅಂತ ನಿಯಮದಲ್ಲಿದೆ. ಬುಕಿಂಗ್ ತಾಣಗಳು ಕೆಲವೊಮ್ಮೆ ನಮ್ಮ ನಂಬರ್ ಬದಲು ತಮ್ಮದೇ ನಂಬರ್, ಇಮೇಲ್ ಹಾಕಿಬಿಟ್ಟಿರುತ್ತವೆ. ಟಿಕೆಟ್ ಆದ ಮೇಲೆ ವಿಮಾನ ಕಂಪನಿಯ ತಾಣಕ್ಕೇ ಹೋಗಿ ಪಿಎನ್ಆರ್ ಹಾಕಿ ನೋಡಿ. ಅಪ್ಪ ಅಮ್ಮನಿಗೆ ಮಾಡಿದ ಟಿಕೆಟ್ ಆದರೆ ಅವರ ನಂಬರನ್ನೂ ಸೇರಿಸಿ. ನಾನು ಸೇರಿಸಿರಲಿಲ್ಲ. 3.52ಕ್ಕೆ ಬಂದ ಸುದ್ದಿ ಅಪ್ಪನಿಗೆ ಬೋರ್ಡ್ ನೋಡಿ ಗೊತ್ತಾಗಬೇಕಾಯ್ತು.

ದೂರು ಅನ್ನೋ ಮೆಟ್ಟಿಲು

ವೋಚರ್ ಬೇಡ ಅಂತ ಬರೆದೆ. ಒಪ್ಪಿಕೊಂಡರೆ ‘ಪೂರ್ಣ ಮತ್ತು ಅಂತಿಮ’ ಅಂತ ಷರತ್ತಿನಲ್ಲಿತ್ತು. ಕಂಪನಿಯ ತಾಣದ ತಳದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ನೋಡಲ್ ಅಧಿಕಾರಿ ಮತ್ತು ಮೇಲ್ಮನವಿ ಅಧಿಕಾರಿಯ ಇಮೇಲ್ ಇರುತ್ತೆ. ಇಬ್ಬರಿಗೂ ಬರೆದೆ. ಮೊದಲಿನ ಉತ್ತರವೇ ಇನ್ನೆರಡು ಸಲ ಬಂತು, ಕೆಳಗಿನ ಹೆಸರು ಮಾತ್ರ ಬೇರೆ.

ಆಮೇಲೆ ಏರ್‌ಸೇವಾ. ಇದು ವಿಮಾನಯಾನ ಸಚಿವಾಲಯದ ದೂರಿನ ತಾಣ, 2016ರಿಂದ ಇದೆ, ಆ್ಯಪ್ ಕೂಡ ಇದೆ. ಅಲ್ಲಿ ಹಾಕಿದ ದೂರು ಕಂಪನಿಗೇ ಹೋಗುತ್ತೆ, ಆದರೆ ಮೇಲೆ ಒಬ್ಬರು ನೋಡ್ತಿದಾರೆ ಅನ್ನೋ ಭಯ ಸೇರಿರುತ್ತೆ. ನನ್ನ ಗೆಳೆಯರಿಬ್ಬರಿಗೆ ರೀಫಂಡ್ ಸಿಕ್ಕಿದ್ದು ಅಲ್ಲಿಂದಲೇ. ನನ್ನ ದೂರು ಮಾತ್ರ ‘ಪರಿಹರಿಸಲಾಗಿದೆ’ ಅಂತ ಹಸಿರು ಬಣ್ಣದಲ್ಲಿ ಮುಚ್ಚಿತು. ಬಗ್ ಸರಿಮಾಡದೆ ಟಿಕೆಟ್ ಕ್ಲೋಸ್ ಮಾಡೋ ವಿದ್ಯೆ ನಮ್ಮ ಇಂಡಸ್ಟ್ರಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿದೆ, ಕನ್ನಡದಲ್ಲೇ ಮಾತಾಡಿದರು, ದೂರು ಬರೆದುಕೊಂಡರು. ಈ ಸಲ ವೋಚರ್ 3,000ಕ್ಕೆ ಏರಿತು.

ಉಳಿದದ್ದು ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದು ನಾವಂದುಕೊಂಡಷ್ಟು ಕಷ್ಟ ಇಲ್ಲ. ನಾವು ವಾಸ ಇರೋ ಅಥವಾ ಕೆಲಸ ಮಾಡೋ ಜಿಲ್ಲೆಯಲ್ಲೇ ದೂರು ಹಾಕಬಹುದು. ವಾರಾಣಸಿಗೋ ಕಂಪನಿಯ ಮುಖ್ಯ ಕಚೇರಿ ಇರೋ ಊರಿಗೋ ಓಡಬೇಕಿಲ್ಲ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಘಟನೆ ನಡೆದು ಎರಡು ವರ್ಷದೊಳಗೆ ಹಾಕಬೇಕು. ಮೊದಲು ಇ-ದಾಖಿಲ್ ಅಂತಿದ್ದ ಆನ್‌ಲೈನ್ ವ್ಯವಸ್ಥೆ 2025ರ ಜನವರಿಯಿಂದ ಇ-ಜಾಗೃತಿ ಆಗಿದೆ.

ಆದರೆ ನನಗೆ ನಿಜವಾದ ತೊಡಕು ಆಯೋಗವಲ್ಲ, ಅಪ್ಪ.

ಪ್ರಯಾಣಿಕರು ಅವರು. ದುಡ್ಡು ಕೊಟ್ಟವನು ನಾನಾದರೂ ದೂರಿನಲ್ಲಿ ಅವರ ಹೆಸರು, ಸಹಿ, ಅಫಿಡವಿಟ್ ಬೇಕು. ಅಪ್ಪ ಒಪ್ಪಲಿಲ್ಲ. ‘ಹೋಗ್ಲಿ ಬಿಡಪ್ಪ. ಬಂದು ಮುಟ್ಟಿದ್ವಲ್ಲ.’ ನಮ್ಮ ಮನೆಯಲ್ಲಿ ಕೋರ್ಟು ಅಂದರೆ ಒಂದು ಕಥೆ ಇದೆ. ತಾತನ ಎರಡೆಕರೆ ಜಮೀನಿನ ವ್ಯಾಜ್ಯ 19 ವರ್ಷ ನಡೆದು, ತೀರ್ಪು ಬರೋ ಹೊತ್ತಿಗೆ ತಾತನೂ ಇರಲಿಲ್ಲ, ಎದುರು ಪಾರ್ಟಿಯವರೂ ಇರಲಿಲ್ಲ. ಆ ಫೈಲು ಹೊತ್ತುಕೊಂಡು ತಿರುಗಿದವರು ಅಪ್ಪ. ಅವರಿಗೆ ‘ಕೇಸ್ ಹಾಕೋಣ’ ಅಂದರೆ ಏನು ಕೇಳಿಸುತ್ತೆ ಅಂತ ನನಗೆ ಗೊತ್ತಿತ್ತು. ಹನ್ನೆರಡು ಸಾವಿರಕ್ಕೆ ಅವರನ್ನು ಕಾಡಿಸಬೇಕಾ ಅಂತ ನಾನೂ ಸುಮ್ಮನಾದೆ. ಏಪ್ರಿಲ್, ಮೇ ಹಾಗೇ ಕಳೀತು.

ಜೂನ್‌ನಲ್ಲಿ ಊರಿಗೆ ಹೋಗಿದ್ದಾಗ ಅಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡೀತಾ, ಏನೋ ಮಾತಿಗೆ ಏನೋ ಅನ್ನೋ ಹಾಗೆ ಹೇಳಿದಳು. ಅವತ್ತು ಕೌಂಟರ್ ಹತ್ರ ಬ್ಯಾಗು ಕೇಳೋಕೆ ಹೋದಾಗ ಆ ಹುಡುಗ ಇವರ ಮುಖವನ್ನೂ ನೋಡದೆ ‘ಬೇಟೆ ಸೇ ಬಾತ್ ಕರಾಯಿಯೇ’ ಅಂದನಂತೆ. ಮಾತ್ರೆ ಒಳಗಿದೆ ಅಂತ ಅಪ್ಪ ಇಂಗ್ಲಿಷಿನಲ್ಲಿ ಹೇಳೋಕೆ ನೋಡಿದರಂತೆ, ಪದ ಬರಲಿಲ್ಲವಂತೆ. ಕೊನೆಗೆ ಕೈಮುಗಿದರಂತೆ. ‘ಆ ಹುಡುಗಗೆ ನಿನ್ನಷ್ಟೂ ವಯಸ್ಸಿಲ್ಲ’ ಅಂದಳು ಅಮ್ಮ. ಸಂಬಳ ಹೆಚ್ಚಿಸಿ ಅಂತಲೂ, ವರ್ಗ ಮಾಡಿ ಅಂತಲೂ ಯಾವ ಸಾಹೇಬನ ಮುಂದೂ ಕೈಮುಗಿಯದ ಮನುಷ್ಯ. ಇದನ್ನು ಅವರು ನನಗೆ ಮೂರು ತಿಂಗಳು ಹೇಳಿರಲಿಲ್ಲ.

ಅವತ್ತು ರಾತ್ರಿ ಊಟ ಆದ ಮೇಲೆ ಅಪ್ಪನ ಮುಂದೆ ಲ್ಯಾಪ್‌ಟಾಪ್ ಇಟ್ಟು ಎಸ್ಸೆಮ್ಮೆಸ್ ಮತ್ತು ಕಂಪನಿಯ ಇಮೇಲ್ ಎರಡನ್ನೂ ಅಕ್ಕಪಕ್ಕ ತೋರಿಸಿದೆ. ಬೇರೇನೂ ಹೇಳಲಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದಿದರು. ‘ಎರಡರಾಗೆ ಒಂದು ಸುಳ್ಳು’ ಅಂದರು. ಮರುದಿನ ಬೆಳಗ್ಗೆ ತಾವೇ ನೋಟರಿ ಹತ್ರ ಹೊರಟರು.

ಯಾವುದು ನಿಜ?

ದೂರು ಬರೆಯೋಕೆ ನನಗೆ ಎರಡು ಶನಿವಾರ ಹಿಡೀತು. ನಡೆದದ್ದನ್ನು ಗಂಟೆ ಸಮೇತ ಕ್ರಮವಾಗಿ ಬರೆದೆ. ಟಿಕೆಟ್, ಬೋರ್ಡಿಂಗ್ ಪಾಸ್, ಎಸ್ಸೆಮ್ಮೆಸ್, ಇಮೇಲ್‌ಗಳು, ಮೆಟಾರ್, ಸ್ಕ್ರೀನ್‌ಶಾಟ್, ಹೋಟೆಲ್ ಬಿಲ್. ಇದರ ಜೊತೆಗೆ, ಎಲೆಕ್ಟ್ರಾನಿಕ್ ದಾಖಲೆಗಳು ನನ್ನದೇ ಫೋನಿನಿಂದ ತೆಗೆದವು ಅಂತ ಒಂದು ಪ್ರಮಾಣಪತ್ರ. ಮೊದಲು ಇದನ್ನು 65ಬಿ ಅಂತಿದ್ದರು, 2024ರ ಜುಲೈನಿಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲಿ 63ನೇ ಕಲಂ. ಕೇಳಿದ್ದು: ನಿಯಮದಂತೆ ಪರಿಹಾರ 12,360, ಟಿಕೆಟ್ ದರದ ವ್ಯತ್ಯಾಸ 13,056, ಹೋಟೆಲ್ 2,400, ಟ್ಯಾಕ್ಸಿ 1,900. ಒಟ್ಟು 29,716. ಮಾನಸಿಕ ಯಾತನೆಗೆ 25,000, ಖರ್ಚಿಗೆ 5,000.

ಡಿಜಿಸಿಎ ನಿಯಮದಲ್ಲಿ ಟಿಕೆಟ್ ವ್ಯತ್ಯಾಸ, ಯಾತನೆ ಇವೆಲ್ಲ ಇಲ್ಲ. ಆದರೆ ಸೇವೆಯಲ್ಲಿ ಲೋಪ ಆಗಿದೆ ಅಂತ ಕಂಡರೆ ಅದರಿಂದಾದ ನಷ್ಟ ತುಂಬಿಸಿಕೊಡೋಕೆ ಗ್ರಾಹಕ ಆಯೋಗಕ್ಕೆ ಅಧಿಕಾರ ಇದೆ. ಬರೀ ಹನ್ನೆರಡು ಸಾವಿರಕ್ಕಾಗಿ ಅಲ್ಲಿಗೆ ಹೋಗೋದಕ್ಕಿಂತ, ಪೂರ್ತಿ ನಷ್ಟದ ಲೆಕ್ಕ ಇಟ್ಟು ಹೋಗೋದು ಒಳ್ಳೇದು ಅನ್ನೋದು ಇದಕ್ಕೇ. ಬಿಲ್ ಇಲ್ಲದ ಖರ್ಚು ಮಾತ್ರ ಕೇಳಬೇಡಿ. ನನ್ನ ಟ್ಯಾಕ್ಸಿ ದುಡ್ಡಿಗೆ ಯುಪಿಐ ದಾಖಲೆ ಇದ್ದದ್ದರಿಂದ ಉಳಿಯಿತು.

ಕಾಯ್ದೆಯ ಪ್ರಕಾರ ಎದುರು ಪಾರ್ಟಿ ಉತ್ತರ ಕೊಡೋಕೆ 30 ದಿನ, ಹೆಚ್ಚೆಂದರೆ ಇನ್ನೂ 15. ಅದಾದ ಮೇಲೆ ತಗೊಳ್ಳೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಗಟ್ಟಿಯಾಗಿ ಹೇಳಿದೆ. ನಮ್ಮ ಕಂಪನಿಯ ಉತ್ತರ 43ನೇ ದಿನ ಬಂತು. ಮೂರು ತಿಂಗಳಲ್ಲಿ ಮುಗಿಸಬೇಕು ಅಂತಲೂ ಕಾಯ್ದೆಯಲ್ಲಿದೆ, ಅದನ್ನು ಯಾರೂ ಅಷ್ಟು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ. ಮೊದಲ ಸಲ ಶಾಂತಿನಗರದ ಬಿಎಂಟಿಸಿ ಕಟ್ಟಡಕ್ಕೆ ನಾನೇ ಅರ್ಧ ದಿನ ರಜೆ ಹಾಕಿ ಹೋದೆ, ದಿನಾಂಕ ಮುಂದಕ್ಕೆ ಹೋಯ್ತು. ಎರಡನೇದು ವಿಡಿಯೋ ಕಾಲ್. ಅಪ್ಪನೂ ದಾವಣಗೆರೆಯಿಂದ ಇಸ್ತ್ರಿ ಶರ್ಟು ಹಾಕಿಕೊಂಡು ಕೂತಿದ್ದರು, ಅವರನ್ನು ಯಾರೂ ಏನೂ ಕೇಳಲಿಲ್ಲ. ಕಂಪನಿಯ ವಕೀಲರು, ಬೆಳಗ್ಗೆ ಇನ್ನೊಂದು ಊರಿನ ಹವಾಮಾನದಿಂದ ವಿಮಾನಗಳ ಸರದಿಯೇ ಏರುಪೇರಾಗಿತ್ತು ಅಂತ ಹೊಸ ವಾದ ತೆಗೆದರು. ಅಧ್ಯಕ್ಷರು ಕಾಗದ ತಿರುವಿ ಒಂದೇ ಪ್ರಶ್ನೆ ಕೇಳಿದರು. ‘ಪ್ರಯಾಣಿಕರಿಗೆ ನೀವೇ ಕಳಿಸಿದ ಮೆಸೇಜಲ್ಲಿ ಹವಾಮಾನ ಅಂತ ಇಲ್ವಲ್ಲ. ಯಾವುದು ನಿಜ?’ ವಕೀಲರು ಸೂಚನೆ ಪಡೆಯೋಕೆ ಸಮಯ ಕೇಳಿದರು.

ಹನ್ನೊಂದು ದಿನದ ಮೇಲೆ ಫೋನ್ ಬಂತು, ರಾಜಿ ಮಾಡಿಕೊಳ್ಳೋಣ ಅಂತ. 20,000ದಿಂದ ಶುರುವಾಗಿ 28,000ಕ್ಕೆ ನಿಂತಿತು. ಇನ್ನೂ ಎಳೆದಿದ್ದರೆ ಯಾತನೆಯ ದುಡ್ಡೂ ಸೇರಿ ಹೆಚ್ಚು ಬರುತ್ತಿತ್ತೇನೋ. ಅಪ್ಪನನ್ನು ಕೇಳಿದೆ. ‘ತಪ್ಪಾತು ಅಂತ ಬರೆದುಕೊಡ್ತಾರಾ?’ ಅಂದರು. ಕೇಳಿ ನೋಡಿದೆ. ಬರೆದುಕೊಡಲ್ಲ, ‘ತೊಂದರೆಗೆ ವಿಷಾದ’ ಅಂತ ಒಂದು ಸಾಲು ಹಾಕ್ತೀವಿ ಅಂದರು. ‘ಆ ಸಾಲು ಮೊದಲೇ ಕಳಿಸಿದ್ರಲ್ಲ, ಎಸ್ಸೆಮ್ಮೆಸ್‌ನಾಗೆ’ ಅಂದರು ಅಪ್ಪ. ಆದರೂ ಒಪ್ಪಿಕೊಂಡರು. ಜಂಟಿ ಮೆಮೊ ಹಾಕಿ, ನವೆಂಬರ್‌ನಲ್ಲಿ ದೂರು ಮುಗೀತು. ದುಡ್ಡು ಅಪ್ಪನ ಖಾತೆಗೇ ಹಾಕಿಸಿದೆ. ಅವರು ಅದರಲ್ಲಿ ಹೆಚ್ಚುವರಿ ಟಿಕೆಟ್ಟಿನ ದುಡ್ಡು ಲೆಕ್ಕ ಹಾಕಿ 13,056 ರೂಪಾಯಿ ನನಗೆ ವಾಪಸ್ ಕಳಿಸಿದರು, ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆ ಇಲ್ಲ.

ಹೋದ ವಾರ ಫೋನ್ ಮಾಡಿದ್ದರು. ಜೊತೆಗೆ ಪಾಠ ಮಾಡ್ತಿದ್ದ ಮೇಷ್ಟ್ರೊಬ್ಬರ ಮಗಳ ವಿಮಾನ ಪುಣೆಯಲ್ಲಿ ರದ್ದಾಗಿದೆಯಂತೆ, ಏನು ಮಾಡಬೇಕು ಅಂತ ಇವರನ್ನು ಕೇಳಿದರಂತೆ. ನಾನು ಶುರು ಮಾಡೋ ಮೊದಲೇ ಅಪ್ಪ ಅಂದರು, ‘ನಾನು ಹೇಳಿದೀನಿ ಬಿಡು. ವೋಚರ್ ಒತ್ತಬ್ಯಾಡ್ರಿ, ಮೆಸೇಜ್ ಅಳಿಸಬ್ಯಾಡ್ರಿ ಅಂತ. ಆ ಹವಾಮಾನದ್ದು ಎಲ್ಲಿ ಸಿಗುತ್ತೆ, ಅದೊಂದು ನಿನ್ನ ಹತ್ರ ಕೇಳಿ ಹೇಳ್ತೀನಿ ಅಂದೆ.’